ಸೆವ್ವಾಯಿಯಲ್ಲಿ ಆಕಾಶ ಕೆಂಪು

ಓದದವರಿಗೆ ಹೆದರಿಕೆಯಿಲ್ಲ, ಪೂರ್ತಿ ಓದಿದವರಿಗೂ ಇಲ್ಲ. ಹೆದರಿ ಸಾಯುವುದು ನನ್ನಂತೆ ಎರಡನೇ ಕ್ಲಾಸಿಗೆ ಬಿಟ್ಟವರು. ಅದರ ಮೇಲೆ ನನಗೆ ತಮಿಳೂ ಬರುತ್ತದೆ. ಹೊಸೂರು ಸಂತೆಯಲ್ಲಿ ಟೊಮೇಟೊ ಮಾರಿ ಕಲಿತ ತಮಿಳು; ತೂಕ ಹೇಳುವುದಕ್ಕೆ, ಬೈಯುವುದಕ್ಕೆ ಸಾಕು. ಅದಕ್ಕಿಂತ ಮೇಲಿನ ಮಾತಿಗೆ ಸಾಲದೆಂದು ಮೊನ್ನೆಯವರೆಗೆ ಗೊತ್ತಿರಲಿಲ್ಲ.

ಸೋಮವಾರ ಸಂಜೆ ಮೊಮ್ಮಗಳು ಪವಿತ್ರ ಜಗಲಿಯಲ್ಲಿ ಕೂತು ತಮಿಳು ಸ್ಕೂಲಿನ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು: "ಸೆವ್ವಾಯಿಲ್ ವಾನಂ ಸಿವಪ್ಪಾಗ ಇರುಕ್ಕುಂ." ತಮಿಳಿನಲ್ಲಿ ಸೆವ್ವಾಯಿ ಎಂದರೆ ಮಂಗಳವಾರ. ಮಂಗಳವಾರ ಆಕಾಶ ಕೆಂಪಾಗಿರುತ್ತದೆ! ಅಂದರೆ ಪ್ರಳಯ ನಾಳೆಯೇ. ಕೈಯಲ್ಲಿದ್ದ ಮೊರ ಜಾರಿತು. ಅಚ್ಚು ಹಾಕಿದ ಪುಸ್ತಕ ಸುಳ್ಳು ಹೇಳುತ್ತದೆಯೇ? ಕೇಳೋಣವೆಂದರೆ ಅಜ್ಜಿಗೆ ತಮಿಳು ಬರುವುದಿಲ್ಲವೆಂದು ನಗುತ್ತಾಳೆ. ಬಾಯಿ ಮುಚ್ಚಿಕೊಂಡೇ ಹೆದರಿದೆ. ಒಣಹಾಕಿದ ರಾಗಿಯನ್ನು ಒಳಗೆ ತಂದೆ, ಹಸುವನ್ನು ಕೊಟ್ಟಿಗೆಗೆ ಕಟ್ಟಿದೆ. ಪ್ರಪಂಚವೇ ಮುಳುಗಿದ ಮೇಲೆ ರಾಗಿ ಯಾರು ತಿನ್ನಬೇಕೆಂದು ಯೋಚಿಸಲಿಲ್ಲ.

ಬೆಳಿಗ್ಗೆ ಬಿಸಿಲೇರಿದ ಮೇಲೆ ಧೈರ್ಯ ಮಾಡಿ ತಲೆ ಎತ್ತಿದೆ. ಆಕಾಶ ನೋಡಿ ವರ್ಷಗಳೇ ಆಗಿದ್ದವು. ನನ್ನದು ನೆಲ ನೋಡಿಕೊಂಡು ನಡೆಯುವ ವಯಸ್ಸು. ನೋಡಿದರೆ ಕೆಮ್ಮಣ್ಣು ಕದಡಿದ ನೀರಿನ ಬಣ್ಣ! ಸೊಸೆ ರತ್ನ ಫ್ಯಾಕ್ಟರಿ ಬಸ್ಸಿಗೆ ಹೊರಟಿದ್ದಳು.

"ಓಗ್ಬ್ಯಾಡ ಕಣೇ! ಆಕಾಸ ಕೆಂಪಾಗೋಗೈತೆ!"

"ಎಲ್ಲತ್ತೆ? ನೀಲಿಯಾಗೇ ಐತಲ್ಲ."

ಪವಿತ್ರ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಜ್ಜೀ, ಪಾಟದಾಗೆ ಸೆವ್ವಾಯಿ ಅಂದ್ರೆ ವಾರ ಅಲ್ಲ, ಮಂಗಳ ಗ್ರಹ! ಕೆಂಪಿರಾದು ಅಲ್ಲಿ ಆಕಾಸ. ಒತ್ತು ಮುಳುಗೋವಾಗ ನೀಲಿಯಂತೆ."

ನಾನೂ ನಗುವವಳಿದ್ದೆ. ಆದರೆ ರತ್ನ ನಗಲಿಲ್ಲ. ಚಪ್ಪಲಿ ಬಿಟ್ಟು ಹತ್ತಿರ ಬಂದಳು.

"ಅತ್ತೆ, ನಿಮ್ಗೆ ಕೆಂಪಾಗಿ ಕಾಣ್ತೈತಾ? ಎಷ್ಟು ದಿನದಿಂದ?"

ನಿಜವಾದ ಹೆದರಿಕೆ ಹುಟ್ಟಿದ್ದು ಆಗ. ಆಕಾಶ ಕೆಟ್ಟಿದ್ದರೆ ಊರಿಗೆಲ್ಲ ಕೆಟ್ಟಿರುತ್ತಿತ್ತು, ಅಳುವುದಕ್ಕೆ ಜೊತೆಗೆ ಜನ ಸಿಗುತ್ತಿದ್ದರು. ಕಣ್ಣು ಕೆಟ್ಟಿದ್ದರೆ ನಾನೊಬ್ಬಳೇ.

ಎರಡು ಕಣ್ಣಿಗೂ ಪೊರೆ ಬಂದಿದೆ, ಹಾಗೇ ಬಿಟ್ಟರೆ ಕುರುಡು ಎಂದರು ಡಾಕ್ಟರು. ಮೊದಲು ಒಂದು ಕಣ್ಣಿಗೆ ಆಪರೇಷನ್. ಅಲ್ಲಾಡಬೇಡಿ ಎಂದು ಮಲಗಿಸಿದರು. ನಾಲ್ಕು ಹೆತ್ತಾಗಲೂ ಕೂಗದವಳು ನಾನು. ಅವತ್ತು ನರ್ಸಮ್ಮನ ಕೈಯನ್ನು ಎಷ್ಟು ಹಿಂಡಿದೆನೆಂದರೆ, "ಪಾಟ್ಟಿ, ಕೈಯ ವಿಡುಂಗ" ಅಜ್ಜೀ, ಕೈ ಬಿಡಿ ಎಂದು ಆಕೆಯೇ ಬೇಡಿಕೊಂಡಳು.

ಪಟ್ಟಿ ಬಿಚ್ಚಿದ ದಿನ ಹೊರಗೆ ಬಂದು ನೋಡಿದೆ. ನೀಲಿ. ಅಂಗಡಿಯವನು ಆಗತಾನೆ ಬಿಡಿಸಿ ಹಾಸಿದ ಸೀರೆಯಂಥ ನೀಲಿ. ಈಗ ಒಂದು ಕಣ್ಣು ಮುಚ್ಚಿದರೆ ಭೂಮಿ, ಇನ್ನೊಂದು ಮುಚ್ಚಿದರೆ ಸೆವ್ವಾಯಿ.

"ಇನ್ನೊಂದಕ್ಕೆ ಯಾವಾಗ ಓಗಾನ ಅತ್ತೆ?" ಎಂದು ರತ್ನ ಕೇಳುತ್ತಲೇ ಇರುತ್ತಾಳೆ.

"ಓದ್ದೋರು ರಾಕೆಟ್ ಬುಟ್ಟು ನೋಡಾದ್ನ ನಾನು ಜಗಲೀಲಿ ಕುಂತು ನೋಡ್ತಾವ್ನಿ. ಅದ್ನ ಯಾಕೆ ಕಳ್ಕಳಾದು, ಬುಡು" ಎನ್ನುತ್ತೇನೆ.

ಅವಳು ನನ್ನ ಕೈ ನೋಡುತ್ತಾಳೆ. ಆಸ್ಪತ್ರೆಯ ಮಾತು ಬಂದರೆ ಸಾಕು, ಹಾಳು ಕೈ ನನ್ನನ್ನು ಕೇಳದೆ ಅವಳ ಸೆರಗು ಹಿಡಿದುಕೊಂಡಿರುತ್ತದೆ.