ತಲೆ ಮಾತ್ರ ಬಂದ ಬೋಲ್ಟು

ಅಕ್ಕನ ಕಾರಿನ ಎಂಜಿನ್ ಆಯಿಲ್ ನಾನೇ ಬದಲಾಯಿಸುತ್ತೇನೆಂದು ಕೊಚ್ಚಿಕೊಂಡು, ಒಂದೇ ಒಂದು ಬೋಲ್ಟು ಬಿಚ್ಚಲಾಗದೆ ಸೋತವನು ನಾನು.

ಹಳೇ ಕಾರಾದರೂ ಅಕ್ಕನ ಜೀವನ ಅದರಲ್ಲೇ. ಡಿಕ್ಕಿಯಲ್ಲಿ ಅನ್ನ, ಸಾಂಬಾರು ಇಟ್ಟುಕೊಂಡು ಹೋಗಿ ಪೀಣ್ಯದ ಕಾರ್ಖಾನೆಗಳ ಗೇಟಿನ ಮುಂದೆ ಊಟ ಮಾರುತ್ತಾಳೆ.

"ಗ್ಯಾರೇಜಿಗೇ ಬಿಡೋಣ ಕಣೋ," ಎಂದಳು.

"ಯಾಕಕ್ಕ? ನಾನ್ ಮಾಡೋ ಕೆಲಸಾನೇ ಬೋಲ್ಟಿಂದು!"

ಅದು ನಿಜ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯುತ್ತೇನೆ. ಬರೀ ಬಿಗಿಯುತ್ತೇನೆ. ಬಿಚ್ಚುವವರು ಬೇರೆ ಇದ್ದಾರೆ! ಆ ಸಣ್ಣ ವಿಷಯವನ್ನು ಅಕ್ಕನಿಗೆ ಹೇಳಲಿಲ್ಲ.

ಭಾನುವಾರ ಕಾರಿನಡಿ ಅಂಗಾತ ಮಲಗಿ, ಹಳೇ ಆಯಿಲ್ ಇಳಿಸುವ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಬೋಲ್ಟು ಅಲ್ಲಾಡಲಿಲ್ಲ. ಯಾಕಿರಬಹುದು? ಯೋಚಿಸಿದೆ. ಕಾರ್ಖಾನೆಯಲ್ಲಿ ನಿಂತು ಮೇಲಿನಿಂದ ತಿರುಗಿಸುತ್ತೇನೆ. ಇಲ್ಲಿ ಮಲಗಿ ಕೆಳಗಿನಿಂದ. ನಾನೇ ತಲೆಕೆಳಗಾದ ಮೇಲೆ ದಿಕ್ಕೂ ತಲೆಕೆಳಗಾಗಬೇಕಲ್ಲವೇ? ಈ ಸಂಶೋಧನೆಗೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ, ಜಾಗವಿರಲಿಲ್ಲ. ದಿಕ್ಕು ಬದಲಿಸಿ ಎಳೆದೆ. ಎಳೆದಷ್ಟೂ ಬೋಲ್ಟು ಮೊಂಡು ಹಿಡಿಯಿತು.

ಮನೆ ಓನರ್ ಗೌರಮ್ಮ ಬಗ್ಗಿ ನೋಡಿದರು. "ಇಂಗ್ಯಾಕೆ ಮಲಗಿದ್ದೀಯಪ್ಪಾ? ಮನೇಲಿ ಚಾಪೆ ಇಲ್ವಾ?"

"ಬೋಲ್ಟ್ ಬರ್ತಿಲ್ಲಮ್ಮ."

"ಆಯುಧಪೂಜೇಲಿ ಅದುಕ್ಕೂ ಕುಂಕುಮ ಇಟ್ಟಿದ್ರಾ?"

ಇಟ್ಟಿರಲಿಲ್ಲ. ಅದನ್ನೂ ನೋಡೋಣವೆಂದು ಇಟ್ಟೆ. ಅರ್ಧ ನನ್ನ ಕಣ್ಣಿಗೇ ಬಿತ್ತು!

ಕೊನೆಗೆ ಸ್ಪ್ಯಾನರಿಗೆ ನೀರಿನ ಪೈಪು ಸಿಕ್ಕಿಸಿ, ಹಲ್ಲು ಕಚ್ಚಿ ಎಳೆದೆ. ಟಕ್!

"ಬಂತೇನೋ?" ಅಕ್ಕ ಓಡಿ ಬಂದಳು.

"ತಲೆ ಬಂತಕ್ಕ. ಮೈ ಒಳಗೇ ಇದೆ."

ಆಯಿಲ್ ತೊಟ್ಟಿಕ್ಕತೊಡಗಿತು.

"ನಾಳೆ ಊಟ ಹೆಂಗೋ ತಗೊಂಡೋಗ್ಲಿ?" ಅಕ್ಕನ ಮುಖ ಸಣ್ಣದಾಯಿತು.

"ಎಲ್ಲಾ ಆ ಗ್ಯಾರೇಜ್ ಶಿವಣ್ಣಂದು! ಹೋದ್ಸಲ ವಿಪರೀತ ಟೈಟ್ ಮಾಡ್ಬಿಟ್ಟಿದ್ದಾನೆ," ಎಂದುಬಿಟ್ಟೆ.

ಮರುದಿನ ಅಕ್ಕ ಸಾಂಬಾರಿನ ಪಾತ್ರೆ ತಬ್ಬಿಕೊಂಡು ಆಟೋದಲ್ಲಿ ಹೋದಳು. ಅರ್ಧ ಸಾಂಬಾರು ಗೇಟು ತಲುಪಿತು. ಇನ್ನರ್ಧ ಸೀರೆಯಲ್ಲಿತ್ತು.

ಸಂಜೆ ಶಿವಣ್ಣನೇ ಬಂದು ಮುರಿದ ತುಂಡು ತೆಗೆದ. ಅವನು ಹೊಸ ಬೋಲ್ಟು ಬಿಗಿಯುವಾಗ, ಅದು ಹೇಗೆ ಕೂರುತ್ತದೋ ನೋಡುವ ಕುತೂಹಲಕ್ಕೆ ನಾನೂ ಬಗ್ಗಿದೆ. ನಿನ್ನೆ ನಾನು ಬಿಚ್ಚಲು ಎಳೆದ ಕಡೆಗೇ ಅವನು ಬಿಗಿಯಲು ಎಳೆಯುತ್ತಿದ್ದ!

ಅಕ್ಕ ಸೆರಗು ಸಿಕ್ಕಿಸಿ ನಿಂತಿದ್ದಳು. "ಏನಪ್ಪಾ ಶಿವಣ್ಣ, ಹಿಂಗಾ ಟೈಟ್ ಮಾಡೋದು? ಕಾರ್ಖಾನೇಲಿರೋ ನನ್ ತಮ್ಮನ ಕೈಲೇ ಬಿಚ್ಚಕ್ಕಾಗಿಲ್ಲ! ನಿನ್ನ ಗ್ಯಾರೇಜ್ ಸಹವಾಸಾನೇ ಬೇಡ ಇನ್ಮೇಲೆ!"

"ನಾನು ಸರಿಯಾಗೇ ಮಾಡಿದ್ದೆ ಅಕ್ಕ..." ಶಿವಣ್ಣ ತಲೆ ತಗ್ಗಿಸಿದ. ಕಾರಿನಡಿ ಹೋಗಿ ಮತ್ತೆ ಮಲಗಿಬಿಡೋಣ ಅನ್ನಿಸಿತು ನನಗೆ.

"ಅವನನ್ನ ಬಿಡಕ್ಕ. ತಪ್ಪು ನಂದೇ, ಕ್ಷಮಿಸ್ಬಿಡು. ನಿನ್ನೆಯೆಲ್ಲಾ ನಾನು ಬಿಚ್ತಾ ಇರ್ಲಿಲ್ಲ ಕಣಕ್ಕ... ಬಿಗೀತಾ ಇದ್ದೆ!"