ಬಟ್ಟೆಕೋಣೆಯ ಕಾವಲು

ಎಲ್ಲಾ ಕೆಟ್ಟದ್ದು ಬಟ್ಟೆ ತಿನ್ನುವ ಒಂದು ನುಸಿಯಿಂದ. ಡ್ಯೂಕ್ ಪ್ರಭುಗಳು ಉಡುಗೊರೆಯಾಗಿ ಕೊಟ್ಟಿದ್ದ ಕೆಂಪು ನಿಲುವಂಗಿಯ ಸುತ್ತ ಅದು ಹಾರಾಡುವುದನ್ನು ಕಂಡದ್ದೇ, ಮೋಂತ್‌ರಿವ್ ಕೋಟೆಯ ಧಣಿಗಳಿಗೆ ಬಟ್ಟೆ ತೊಡಿಸುವ ಗೊಸ್ಲೆನ್ ಆ ನಿಲುವಂಗಿಯನ್ನು ಒಯ್ದು ಪಾಯಿಖಾನೆಯಲ್ಲಿ ನೇತುಹಾಕಿದ.

ಇದು ಹುಚ್ಚಾಟವೇನಲ್ಲ. ಗೋಡೆಯ ದಪ್ಪದೊಳಗೊಂದು ಗೂಡು, ತೂತು ಕೊರೆದ ಹಲಗೆ, ಅಲ್ಲಿಂದ ನೇರ ಕಂದಕಕ್ಕೆ ಇಳಿಯುವ ಕಲ್ಲಿನ ಕೊಳವೆ. ಕೆಳಗಿಂದೇಳುವ ಘಾಟಿಗೆ ನುಸಿ ಹತ್ತಿರ ಸುಳಿಯದು. ಹಾಗಾಗಿ ಕೋಟೆಯವರೆಲ್ಲ ಬಟ್ಟೆ ನೇತುಹಾಕುತ್ತಿದ್ದುದು ಅಲ್ಲೇ, ಮರ್ಯಾದೆಗೆ ಅದನ್ನು ಕರೆಯುತ್ತಿದ್ದುದೂ ಬಟ್ಟೆಕೋಣೆ ಎಂದೇ. ಪೆಟ್ಟಿಗೆ, ಬೀಗಗಳಿದ್ದ ನಿಜವಾದ ಬಟ್ಟೆಕೋಣೆ ಬೇರೆ. ಅದರ ಯಜಮಾನಿಕೆ ಖಾಲಿಯಿತ್ತು.

“ಇವತ್ತು ಡ್ಯೂಕರ ಮುಂದೆ ಆ ನಿಲುವಂಗಿ ನನ್ನ ಮೈಮೇಲಿರ್ಬೇಕು. ಸಂಜೆಗೆ ಬಟ್ಟೆಕೋಣೆ ನಿನ್ನ ಕೈಗೆ,” ಎಂದಿದ್ದರು ಧಣಿಗಳು. ಕೀಲಿಗೊಂಚಲು ತೂಗಲೆಂದು ಗೊಸ್ಲೆನ್‌ನ ಹೆಂಡತಿ ಆಗಲೇ ಅವನ ಸೊಂಟಪಟ್ಟಿಗೆ ಕುಚ್ಚು ಹೊಲಿದಿದ್ದಳು.

ಮಧ್ಯಾಹ್ನ ಹೋಗಿ ನೋಡಿದರೆ ಮೊಳೆ ಮಾತ್ರ ಇತ್ತು. ಹಾವುಮೀನಿನ ಕಡುಬಿನ ರುಚಿ ನೋಡಿ ನೋಡಿ ಹೊಟ್ಟೆ ಕೆಡಿಸಿಕೊಂಡಿದ್ದ ಅಡುಗೆಯ ತಿಬೊ ಆಗಷ್ಟೇ ಹೊರಬಂದಿದ್ದ.

“ಏನೋ ಕೆಂಪಗೆ ಕೆಳಗೆ ಹೋಯ್ತು ಮಾರಾಯ,” ಎಂದ ಬೆವರೊರೆಸಿಕೊಳ್ಳುತ್ತ. “ನನ್ನೊಳಗಿಂದೇ ಅಂದ್ಕೊಂಡು ದೇವರಿಗೆ ಹರಕೆ ಹೊತ್ತೆ.”

ಗೊಸ್ಲೆನ್ ಸುತ್ತುಮೆಟ್ಟಿಲಲ್ಲಿ ಬುಗುರಿಯಂತೆ ತಿರುಗುತ್ತ ಇಳಿದ. ಹೆಬ್ಬಾಗಿಲಿನ ಕಾವಲುಗಾರ, ಡ್ಯೂಕರು ಬರುವ ಹೊತ್ತಿಗೆ ಎಲ್ಲಿಗೆ, ಏಕೆ, ಹೆಂಡತಿಗೆ ಹೇಳಿದ್ದೀಯಾ ಎಂದೆಲ್ಲ ವಿಚಾರಿಸಿಯೇ ಹೊರಗೆ ಬಿಟ್ಟ. ಕಂದಕಕ್ಕಿಳಿದು ಗೋಡೆಯ ಬುಡದಲ್ಲಿದ್ದ ಕೊಳವೆಯ ಬಾಯೊಳಗೆ ಇಣುಕಿದರೆ, ನಿಲುವಂಗಿ ನಡುದಾರಿಯಲ್ಲಿ ಕಲ್ಲಿಗೆ ಸಿಕ್ಕಿ ಬಾವಲಿಯಂತೆ ಜೋತಾಡುತ್ತಿತ್ತು. ಹತ್ತದೆ ಗತಿಯಿರಲಿಲ್ಲ. ಅಗಸಗಿತ್ತಿ ಮಾಬಿಲ್ ಒಗೆಯುವುದನ್ನು ಬಿಟ್ಟು ಬಂದಳು, ತಮಾಷೆ ನೋಡಲು ನಾಲ್ಕು ಜನರನ್ನೂ ಕೂಗಿ ಕರೆದಳು.

“ಗೊಸ್ಲೆನಣ್ಣ, ಬಾಯಿ ಮುಚ್ಕೊಂಡು ಹತ್ತು,” ಎಂದಳು. “ಮೇಲೆ ಮಾತ್ರ ನೋಡ್ಬೇಡ.”

ನಿಲುವಂಗಿ ಕೈಗೆ ಸಿಕ್ಕಿತು. ಆದರೆ ಕೆಳಗಿಳಿಯಹೋದರೆ ಕಾಲು ಎಣ್ಣೆಯ ಮೇಲಿಟ್ಟಂತೆ ಜಾರುತ್ತಿತ್ತು. ಅಷ್ಟರಲ್ಲಿ ತುತ್ತೂರಿ ಮೊಳಗಿತು. ಡ್ಯೂಕರು ಬಂದೇಬಿಟ್ಟರು. ಗೊಸ್ಲೆನ್ ಎರಡೂ ಕೈ ಖಾಲಿಯಿರಲೆಂದು ನಿಲುವಂಗಿಯನ್ನು ತಾನೇ ತೊಟ್ಟು, ಬೆನ್ನು ಮೊಣಕಾಲು ಒತ್ತಿ ಒತ್ತಿ ಮೇಲೇರಿದ. ಕೊನೆಗೆ ತಲೆಯಿಂದ ಹಲಗೆ ಎತ್ತಿದ.

ಬೆಳಗಿನಿಂದ ಕುದುರೆಯ ಮೇಲಿದ್ದ ಡ್ಯೂಕರು, ಬಂದವರೇ ನೇರ ಅಲ್ಲಿಗೆ ಹೋಗಿ, ಅದೇ ಹಲಗೆಯ ಮೇಲೆ ಕೂತಿದ್ದರು.

ಅವರ ಕಿರುಚಾಟಕ್ಕೆ ಇಡೀ ಕೋಟೆ ಓಡಿಬಂತು. ಕತ್ತಿಯ ಮೊನೆಯ ಕೆಳಗೆ ಗೊಸ್ಲೆನ್ ನಡೆದದ್ದನ್ನೆಲ್ಲ ತೊದಲಿದ. ಡ್ಯೂಕರು ಬಟ್ಟೆ ಸರಿಮಾಡಿಕೊಂಡು ಯೋಚಿಸಿದರು.

“ನಿನ್ನ ಕೋಟೆಗೆ ಎರಡನೇ ಬಾಗಿಲಿದೆ ಅಂತ ನೀನು ಹೇಳೇ ಇರ್ಲಿಲ್ಲ,” ಎಂದರು ಧಣಿಗಳಿಗೆ. “ಇವನು ಹತ್ತಿದ ಮೇಲೆ ಶತ್ರು ಹತ್ತೋದಿಲ್ವಾ? ಜಾಣನಪ್ಪ ಇವನು.”

ಧಣಿಗಳ ಮುಖ ಅರಳಿತು. “ಗೊಸ್ಲೆನ್, ಮಾತು ಕೊಟ್ಟಿದ್ದೆ. ಇವತ್ತಿಂದ ಬಟ್ಟೆಕೋಣೆ ನಿಂದೇ.”

ಗೊಸ್ಲೆನ್ ಮಂಡಿಯೂರಿದ. ಕಣ್ಣು ತುಂಬಿಬಂತು. ಸೊಂಟದ ಕುಚ್ಚನ್ನು ಮುಂದೆ ಹಿಡಿದು ಕೀಲಿಗಾಗಿ ಕಾದ. ಯಾರೋ ಕೈಗೆ ಈಟಿ ಕೊಟ್ಟರು.

“ಕೀಲಿ, ಒಡೆಯಾ?”

“ಅದಕ್ಕೆಲ್ಲಿಂದ ಕೀಲಿ?” ಧಣಿಗಳು ಮೂಗು ಮುಚ್ಚಿಕೊಂಡೇ ಹಲಗೆಯ ತೂತನ್ನು ತೋರಿಸಿದರು. “ಕೆಳಗೆ ಕೊಳವೆಯ ಬಾಯಲ್ಲಿ ನಿಂತ್ಕೊಂಡು ಕಾಯಿ.”

ನಿಲುವಂಗಿಯನ್ನು ಅವನೇ ಇಟ್ಟುಕೊಳ್ಳಲಿ ಎಂದರು ಡ್ಯೂಕರು. ಗೊಸ್ಲೆನ್ ಕಾವಲಿಗೆ ಅದನ್ನೇ ತೊಡುತ್ತಿದ್ದ. ಕೊನೆಯವರೆಗೂ ಅದಕ್ಕೆ ಒಂದೇ ಒಂದು ನುಸಿ ಹಿಡಿಯಲಿಲ್ಲ.