ಗಟ್ಟಿ ರಬ್ಬರು, ನಡುಗುವ ರುಜು

ಒಂದು ಸಾವಿರದ ಒಂಬೈನೂರ ಎಪ್ಪತ್ತಾರನೇ ಇಸವಿ ಜನವರಿ ಹದಿನೇಳನೇ ತಾರೀಖು ಶನಿವಾರ, ಮದ್ದೂರಿನ ಗ್ರಾಮ ಸುಸ್ಥಿತಿ ಉಪಕಚೇರಿಯ ಜೀಪಿನಲ್ಲಿ ಎಂಜಿನ್ ಅಲ್ಲಾಡುವುದು ಸಂಪೂರ್ಣವಾಗಿ ನಿಂತಿತು. ಈ ಸಾಧನೆಯ ಬಗ್ಗೆ ಊರಿನಲ್ಲಿ ಇಲ್ಲಸಲ್ಲದ ಮಾತು ಹುಟ್ಟಿಕೊಂಡಿರುವುದರಿಂದ, ಅದೇ ಕಚೇರಿಯ ಟಪಾಲು ಗುಮಾಸ್ತನಾದ ನಾನು ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ಉತ್ಪ್ರೇಕ್ಷೆ ನನಗೆ ಆಗಿಬರುವುದಿಲ್ಲ.

ಜೀಪಿನ ಎಂಜಿನ್ನು ಚಾಸಿ ಎಂಬ ಕಬ್ಬಿಣದ ಚೌಕಟ್ಟಿನ ಮೇಲೆ ನೇರವಾಗಿ ಕೂರುವುದಿಲ್ಲ. ನಡುವೆ ಮೌಂಟಿಂಗು ಅಂತ ರಬ್ಬರಿನ ದಿಂಡು ಇರುತ್ತದೆ. ನಮ್ಮ ಜೀಪಿನದು ಹರಿದುಹೋಗಿ, ಗೇರು ಹಾಕಿದಾಗಲೆಲ್ಲ ಎಂಜಿನ್ನು ಎಗರಿ ಬೀಳುತ್ತಿತ್ತು. ಕಂಪನಿ ರಬ್ಬರಿಗೆ ಬೆಂಗಳೂರಿನವರೆಗೆ ಕಾಗದ ಹೋಗಿಬರಬೇಕು. ಗೆಜ್ಜಲಗೆರೆಯ ಮೆಕ್ಯಾನಿಕ್ ಚಿಕ್ಕಣ್ಣನ ಹತ್ತಿರ ಬೇರೊಂದು ಮಾಲಿತ್ತು, ಇಟ್ಟಿಗೆಯಂತೆ ಗಟ್ಟಿ. ನಮ್ಮ ಸಾಹೇಬರಾದ ಕಸ್ತೂರಿರಂಗ ಅಯ್ಯಂಗಾರ್ಯರು ಅದನ್ನು ಉಗುರಿನಿಂದ ಒತ್ತಿ ನೋಡಿದರು. ಉಗುರು ನೊಂದಿತು.

“ಸರ್ಕಾರಿ ಸಾಮಾನು ಅಂದರೆ ಹೀಗಿರಬೇಕು” ಎಂದರು.

“ಸ್ವಾಮಿ, ಮಾರೋನೂ ನಾನೇ, ಯೋಳೋನೂ ನಾನೇ” ಎಂದ ಚಿಕ್ಕಣ್ಣ. “ಇದ ಆಕುದ್ರೆ ಎಂಜಿನ್ನು ಅಳ್ಳಾಡಕಿಲ್ಲ. ಅಳ್ಳಾಡೋದು ನೀವು. ಗಾಡಿ ಓಡುವಾಗ ಅಷ್ಟಿಲ್ಲ. ನಿಂತ ಗಾಡೀಲಿ ಎಂಜಿನ್ನು ತಿರುಗ್ತಿತ್ತು ಅಂದ್ರೆ ಮೈಯೆಲ್ಲ ಗಡಗಡ ಅಂತದೆ.”

“ಫೈಲಿನಲ್ಲಿರುವ ದೂರು ಎಂಜಿನ್ ಅಲ್ಲಾಡುತ್ತದೆ ಅಂತ. ನಾನು ಅಲ್ಲಾಡುವ ವಿಚಾರ ಈ ಫೈಲಿಗೆ ಸೇರಿದ್ದಲ್ಲ” ಎಂದರು ಸಾಹೇಬರು. ರಬ್ಬರು ಬಿದ್ದಿತು. ದೂರು ವಿಲೇವಾರಿಯಾಯಿತು.

ಇಲ್ಲಿ ಸಾಹೇಬರ ಕಾರ್ಯವೈಖರಿ ತಿಳಿಸುವುದು ಅಗತ್ಯ. ಅವರು ತಿಂಗಳಿಗೆ ಇಪ್ಪತ್ತನಾಲ್ಕು ದಿನ ಹಳ್ಳಿ ತಿರುಗುವ ಸರ್ಕೀಟು ಹೋಗುತ್ತಿದ್ದರು. ಸರ್ಕೀಟಿಗೆ ಭತ್ಯೆ ಉಂಟು, ಕುರ್ಚಿಗೆ ಇಲ್ಲ. ಉಳಿದ ಆರು ದಿನಗಳಲ್ಲಿ ನಾಲ್ಕು ಭಾನುವಾರ, ಒಂದು ಎರಡನೇ ಶನಿವಾರ, ಒಂದು ಅವರ ಮನೆಯ ತಿಥಿ. ಹೀಗಾಗಿ ಕಚೇರಿಯ ಸಮಸ್ತ ಕಾಗದಗಳಿಗೂ ಅವರು ಜೀಪಿನಲ್ಲೇ, ಮೊಣಕಾಲ ಮೇಲೆ ಹಲಗೆಯಿಟ್ಟುಕೊಂಡು, ರುಜು ಹಾಕುತ್ತಿದ್ದರು. ಎಂಜಿನ್ ಆರಿಸುವಂತಿಲ್ಲ. ಎಂಜಿನ್ ಆರಿದರೆ ಸರ್ಕೀಟು ಮುಗಿದಂತೆ ಎಂದು ಹಿಂದೊಬ್ಬ ತಪಾಸಣೆಯವನು ಬರೆದುಹೋಗಿದ್ದ. ಡ್ರೈವರ್ ಅಂಕಯ್ಯ ಅದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದನೆಂದರೆ, ಸಾಹೇಬರು ಶಿವಪುರದಲ್ಲಿ ಊಟ ಮುಗಿಸಿ ಒಂದು ಕಣ್ಣು ನಿದ್ದೆ ತೆಗೆಯುವಾಗಲೂ ಎಂಜಿನ್ನು ಬಾಗಿಲಲ್ಲಿ ತಿರುಗುತ್ತಲೇ ಇರುತ್ತಿತ್ತು.

ಹೊಸ ರಬ್ಬರು ಬಿದ್ದ ಮೇಲೆ ಸಾಹೇಬರ ರುಜು ಬದಲಾಯಿತು. ಮೊದಲು ಅದು ಮುತ್ತು ಪೋಣಿಸಿದ ಹಾಗಿತ್ತು. ಈಗ ಇರುವೆ ಮಸಿಯಲ್ಲಿ ಬಿದ್ದು ಎದ್ದುಹೋದ ಹಾಗಾಯಿತು.

ಇದರ ಪೆಟ್ಟು ಮೊದಲು ಬಿದ್ದದ್ದು ಚಿಕ್ಕರಸಿನಕೆರೆಯ ದೇವೀರಮ್ಮನಿಗೆ. ಆಕೆಯ ಗಂಡ ಮಾದಯ್ಯ ನಮ್ಮ ಕಚೇರಿಯ ಜವಾನ, ಹಿಂದಿನ ವರ್ಷ ಕಾಮಾಲೆಯಲ್ಲಿ ತೀರಿಕೊಂಡ. ಎರಡು ಹೆಣ್ಣುಮಕ್ಕಳು. ಅನುಕಂಪದ ಮೇಲೆ ಆ ಕೆಲಸ ಆಕೆಗೇ ಕೊಡಬಹುದೆಂದು ನಿಯಮವಿತ್ತು. ಆದರೆ ಮಾರ್ಚ್ ಇಪ್ಪತ್ತಕ್ಕೆ ಆಕೆಗೆ ಮೂವತ್ತೈದು ತುಂಬುತ್ತಿತ್ತು. ಮೂವತ್ತೈದು ತುಂಬಿದವರ ಮೇಲೆ ಅನುಕಂಪ ತೋರಿಸಲು ಅವಕಾಶವಿಲ್ಲ. ಆಕೆಯ ನೇಮಕದ ಕಾಗದ ಫೆಬ್ರವರಿಯಲ್ಲಿ ಮಂಡ್ಯದ ಮೇಲಿನ ಕಚೇರಿಗೆ ಹೋಗಿ, ಹೀಗೊಂದು ಷರಾ ಹೊತ್ತು ವಾಪಸು ಬಂತು: “ರುಜು ಮಾದರಿ ರುಜುವಿಗೆ ತಾಳೆಯಾಗುವುದಿಲ್ಲ. ಇದನ್ನು ಹಾಕಿದವರು ಯಾರೆಂದು ಕಂಡುಹಿಡಿದು ತಿಳಿಸತಕ್ಕದ್ದು.”

ಸಾಹೇಬರು ಕಂಡುಹಿಡಿದು, ಅದು ತಾವೇ ಎಂದು ತಿಳಿಸಿದರು. ಆ ಕಾಗದದ ರುಜುವೂ ತಾಳೆಯಾಗಲಿಲ್ಲ.

ದೇವೀರಮ್ಮ ದಿನಾ ಬೆಳಿಗ್ಗೆ ಬಸ್ಸಿಳಿದು ನಮ್ಮ ಜಗಲಿಯ ಬೆಂಚಿನ ಮೇಲೆ ಕೂರುತ್ತಿದ್ದಳು. ಒಂದು ದಿನ ಹೊರಟ ಜೀಪಿಗೆ ಅಡ್ಡ ನಿಂತಳು.

“ಬುದ್ಧಿ, ಗಾಡಿ ಒಸಿ ಆರ್ಸುಬುಡಿ. ನೆಟ್ಟಗೆ ಒಂದು ರುಜು ಆಕಿ. ಎಷ್ಟೊತ್ತಾದದು?”

“ಒಂದು ನಿಮಿಷ ಸಾಕಮ್ಮ. ಆದರೆ ಆ ಒಂದು ನಿಮಿಷ ನಾನು ಎಲ್ಲಿದ್ದೆ ಅಂತ ತೋರಿಸಲಿ?” ಎಂದರು ಸಾಹೇಬರು. ಮಾತು ಜೀಪಿನೊಳಗಿಂದ ಬಂದದ್ದರಿಂದ ಅದೂ ನಡುಗುತ್ತಿತ್ತು.

“ಹಳೇ ತರದ ಮೆತ್ತನೆ ರಬ್ಬರೇ ಆಕುಸ್ಬುಡಿ.”

“ಹೊಸದರ ಆಯಸ್ಸು ಐದು ವರ್ಷ ಅಂತ ದಾಖಲೆಯಾಗಿದೆ. ಎಂಬತ್ತೊಂದರವರೆಗೆ ಅದನ್ನು ಮುಟ್ಟುವ ಹಾಗಿಲ್ಲ.”

ದೇವೀರಮ್ಮ ದಾರಿ ಬಿಟ್ಟಳು. ಟಪಾಲು ಗುಮಾಸ್ತನ ಸಂಕಟಕ್ಕೆ ಯಾವ ರಿಜಿಸ್ಟರೂ ಇಲ್ಲದ್ದರಿಂದ ನಾನು ಅಂದಿನ ಟಪಾಲನ್ನಷ್ಟೇ ದಾಖಲಿಸಿದೆ.

ಹಾಗೆಂದು ಕಚೇರಿ ಕೈಕಟ್ಟಿ ಕೂರಲಿಲ್ಲ. ಸಾಹೇಬರು ಎರಡು ದಿಂಬಿನ ಮೇಲೆ ಕೂತು ನೋಡಿದರು. ಆಗ ಅವರು ನಡುಗದೆ ಹಲಗೆ ಮಾತ್ರ ನಡುಗಿತು. ಹಲಗೆಗೂ ದಿಂಬಿಟ್ಟಾಗ ನಿಬ್ಬು ಕಾಗದದಲ್ಲಿ ತೂತು ಮಾಡಿತು. ಗಾಡಿ ಓಡುವಾಗ ನಡುಕ ಕಡಿಮೆಯೆಂಬ ಚಿಕ್ಕಣ್ಣನ ಮಾತು ನೆನೆದು ಮಳವಳ್ಳಿ ರಸ್ತೆಯಲ್ಲಿ ಜೋರಾಗಿ ಓಡಿಸಿದೆವು. ನಡುಕವೇನೋ ನಿಂತಿತು. ಅಷ್ಟರಲ್ಲಿ ಗುಂಡಿ ಬಂದು ಸಾಹೇಬರ ರುಜು ಅಂಕಯ್ಯನ ಅಂಗಿಯ ಮೇಲೆ ಬಿತ್ತು.

ಕೊನೆಗೆ ಸಾಹೇಬರೇ ಉಪಾಯ ಕಂಡರು. ರುಜುವನ್ನು ಮಾದರಿಗೆ ತಾಳೆ ಮಾಡಲಾಗದಿದ್ದರೆ ಮಾದರಿಯನ್ನು ರುಜುವಿಗೆ ತಾಳೆ ಮಾಡಬಹುದು. ಮಳವಳ್ಳಿ ಪೇಟೆಯಲ್ಲಿ ಜೀಪು ನಿಲ್ಲಿಸಿ, ಎಂಜಿನ್ ತಿರುಗುತ್ತಿರುವಾಗ, ಹೊಸ ಮಾದರಿ ರುಜು ಹಾಕಿ ಮಂಡ್ಯಕ್ಕೆ ಕಳಿಸಿದರು. ಮಾರ್ಚ್ ಐದಕ್ಕೆ ಮಂಜೂರಾಯಿತು. ಹಳೆಯ ಮುತ್ತಿನಂಥ ರುಜುವನ್ನು ರದ್ದುಮಾಡಿ, ಇನ್ನು ಮುಂದೆ ಅದನ್ನು ಬಳಸಿದರೆ ಶಿಸ್ತುಕ್ರಮ ಎಂದು ಬರೆದಿದ್ದರು. ದೇವೀರಮ್ಮ ಅಂದು ನಮಗೆಲ್ಲ ಬೆಲ್ಲ ಹಂಚಿದಳು.

ಮಾರ್ಚ್ ಎಂಟಕ್ಕೆ, ಆಕೆಯ ಕಾಗದ ಹಲಗೆಯ ಮೇಲೆ ಬರುವ ಮೊದಲೇ, ಎಂಜಿನ್ ಹೊತ್ತ ಕಬ್ಬಿಣದ ಪಟ್ಟಿ ಅದುರಿ ಅದುರಿ ಮುರಿದು ಜೀಪು ರಸ್ತೆಯಲ್ಲಿ ಕೂತಿತು. ಚಿಕ್ಕಣ್ಣ ಬಂದು ಬಗ್ಗಿ ನೋಡಿದ. “ರಬ್ಬರಿಗೇನೂ ಆಗಿಲ್ಲ” ಎಂದ. ಜೀಪನ್ನು ಮಂಡ್ಯದ ಕಾರ್ಖಾನೆಗೆ ಎಳೆದುಕೊಂಡು ಹೋದರು.

ಗತಿಯಿಲ್ಲದೆ ಸಾಹೇಬರು ಕಚೇರಿಯ ಮೇಜಿನ ಮುಂದೆ ಕೂತರು. ಮೇಜು ಸರ್ಕಾರಿ ತೇಗದ್ದು, ತಾನಾಗಿ ಮಿಸುಕುವುದಿಲ್ಲ. ರುಜು ಮುತ್ತಿನ ಹಾಗೆ ಬಂತು. ಹದಿನೈದನೇ ತಾರೀಖು ದೇವೀರಮ್ಮನ ಕಾಗದ ಮತ್ತೆ ಮಂಡ್ಯದಿಂದ ವಾಪಸು ಬಂತು. ಷರಾ: “ಈ ರುಜುವಿನಲ್ಲಿ ಅಕ್ಷರಗಳು ಕಾಣುತ್ತಿವೆ. ಅನುಮಾನಾಸ್ಪದ.”

ಸಾಹೇಬರು ಕೈಯಿಂದಲೇ ನಡುಗಿಸಿ ನೋಡಿದರು. ಬೇಕೆಂದು ನಡುಗುವುದಕ್ಕೂ ತಾನಾಗಿ ನಡುಗುವುದಕ್ಕೂ ವ್ಯತ್ಯಾಸವಿದೆ. ಮಂಡ್ಯದವರು ಅದನ್ನು ದೂರದಿಂದಲೇ ಕಂಡುಹಿಡಿಯುತ್ತಾರೆ.

ಹದಿನಾರರ ಮಧ್ಯಾಹ್ನ ದೇವೀರಮ್ಮ ಬೆಂಚಿನಿಂದೆದ್ದು ಸೀದಾ ಒಳಗೆ ಬಂದಳು. ತಲೆಯ ಮೇಲಿನ ಸೆರಗು ಜಾರಿದ್ದೂ ಆಕೆಗೆ ಗೊತ್ತಿರಲಿಲ್ಲ.

“ನಂಗಿನ್ನು ನಾಕು ದಿನ ಅದೆ ಬುದ್ಧಿ. ಮಕ್ಕಳ ಕಟ್ಕೊಂಡು ನಾನೆಲ್ಲಿಗೋಗ್ಲಿ? ನನ್ ಗಂಡ ಈ ಮೇಜ ಹನ್ನೊಂದು ವರ್ಸ ಒರಸವ್ನೆ. ಆಕಿ ರುಜುವ, ಆಕಿ” ಎಂದು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಸಾಹೇಬರು ಗಾಬರಿಯಲ್ಲಿ ಎದುರಿಗಿದ್ದ ಕಾಗದಕ್ಕೆ ರುಜು ಹಾಕಿದರು.

ನಾನು ಮಾದರಿಯನ್ನು ತಂದು ಪಕ್ಕದಲ್ಲಿಟ್ಟು ನೋಡಿದೆ. ಒಂದು ಗೀಟೂ ಹೆಚ್ಚುಕಮ್ಮಿ ಇರಲಿಲ್ಲ.

ಸಾಹೇಬರು ಕನ್ನಡಕ ಸರಿಮಾಡಿಕೊಂಡು, “ಇನ್ನೊಂದು ಸಲ ಅಲ್ಲಾಡಿಸಮ್ಮ, ಇನ್ನೂ ನಲವತ್ತು ಕಾಗದ ಇದಾವೆ” ಎಂದರು.

ದೇವೀರಮ್ಮನ ನೇಮಕದ ಕಾಗದ ಅವಳೇ ಅಲ್ಲಾಡಿಸಿದ ಮೇಜಿನ ಮೇಲೆ ರುಜುವಾಗಿ, ಹತ್ತೊಂಬತ್ತರಂದು ಮಂಡ್ಯದಲ್ಲಿ ಮಂಜೂರಾಯಿತು. ಷರಾ: “ರುಜು ಸ್ಪಷ್ಟವಾಗಿದೆ.” ಕಾಗದದಲ್ಲಿ ಜವಾನ ಎಂದಿದ್ದ ಹುದ್ದೆಯನ್ನು ಸಾಹೇಬರು ಕಂಪನ ಪರಿಚಾರಕಿ ಎಂದು ತಿದ್ದಿ ಕಳಿಸಿದ್ದರು. ಕರ್ತವ್ಯ: ಹತ್ತೂವರೆಯಿಂದ ಐದೂವರೆಯವರೆಗೆ ಮೇಜನ್ನು ಎಂಜಿನ್ನಿನ ಪ್ರಕಾರ ಅಲ್ಲಾಡಿಸತಕ್ಕದ್ದು.

ಮೇ ತಿಂಗಳಲ್ಲಿ ಜೀಪು ಬಂತು, ಕಂಪನಿಯ ಮೆತ್ತನೆ ರಬ್ಬರಿನೊಂದಿಗೆ. ಐದು ವರ್ಷದ ದಾಖಲೆ ನಮ್ಮ ಕಚೇರಿಯದು, ಕಾರ್ಖಾನೆಯದಲ್ಲ. ನಿಂತಲ್ಲಿ ಎಂಜಿನ್ ತಿರುಗುತ್ತಿದ್ದರೆ ಎದೆಯ ಮೇಲೆ ಕೂಸು ಮಲಗಿದ ಹಾಗೆ. ಸಾಹೇಬರು ಎರಡು ರುಜು ಹಾಕಿ ನೋಡಿ, “ವಾಹನ ಸುಸ್ಥಿತಿಯಲ್ಲಿದೆ, ಕಚೇರಿ ಕೆಲಸಕ್ಕೆ ಯೋಗ್ಯವಲ್ಲ” ಎಂದು ಬರೆದರು. ಅಂದಿನಿಂದ ದೇವೀರಮ್ಮ ಹಿಂದಿನ ಸೀಟಿನಲ್ಲಿ ಕೂತು ಮುಂದಿನ ಸೀಟು ಅಲ್ಲಾಡಿಸುತ್ತಾಳೆ. ಅವಳಿಗೂ ಭತ್ಯೆ ಉಂಟು.

ಮೊನ್ನೆ ಅವಳ ದೊಡ್ಡ ಮಗಳು ಮೈನೆರೆದಳೆಂದು ಒಂದು ದಿನ ರಜೆ ಹಾಕಿದಳು. ಸರ್ಕೀಟು ರದ್ದಾಯಿತು. ನಾನು ಬಾಗಿಲಿಗೆ ಪ್ರಕಟಣೆ ಅಂಟಿಸಿದೆ: “ದೇವೀರಮ್ಮನವರು ರಜೆಯಲ್ಲಿರುವ ಕಾರಣ ಇಂದು ಸಾಹೇಬರ ಕೈ ನಡುಗುವುದಿಲ್ಲ. ಸಾರ್ವಜನಿಕರು ನಾಳೆ ಬರತಕ್ಕದ್ದು.”

ಜಗಲಿಯ ಬೆಂಚಿನ ಮೇಲೆ, ದೇವೀರಮ್ಮ ಕೂರುತ್ತಿದ್ದ ಜಾಗದಲ್ಲೇ, ಮಳವಳ್ಳಿ ಕಡೆಯ ಮುದ್ದಮ್ಮ ಎಂಬ ಮುದುಕಿ ವೃದ್ಧಾಪ್ಯ ವೇತನದ ಕಾಗದ ಹಿಡಿದು ಒಂಬತ್ತು ದಿನದಿಂದ ಕಾಯುತ್ತಿದ್ದಳು. ಓದಿ ಹೇಳಿದೆ. ಮುದುಕಿ ಕೋಲು ಊರಿಕೊಂಡು ಎದ್ದಳು.

“ಆಗ್ಲಿ ಬುಡಪ್ಪ, ನಾಳೀಕೇ ಬತ್ತೀನಿ” ಎಂದಳು. “ಪಾಪ, ಅವ್ಳಾದ್ರೂ ಎಷ್ಟೂಂತ ಅಳ್ಳಾಡ್ಸಾಳು.”